ಯಾರಿಗಾಗಿ ಈ ಕಹಿ

ಮುಂಗಾರು ಇನ್ನೂ ಕಡಲ ಮೇಲೆಲ್ಲೋ ತಡೆದು ನಿಂತಿರುವ ದಿನಗಳಲ್ಲಿ, ಘಟ್ಟದ ಇಳಿಜಾರುಗಳು ಒಣಗಿ ಕಂದುಬಣ್ಣಕ್ಕೆ ತಿರುಗಿ ಕಾಲಡಿಯ ದರಕು ಹೆಜ್ಜೆಹೆಜ್ಜೆಗೂ ಸದ್ದು ಮಾಡುವ ಹೊತ್ತಿನಲ್ಲಿ, ಕೊಡಸಿಗೆ ಹೂಬಿಡುತ್ತದೆ. ಅಷ್ಟೇನೂ ಎತ್ತರವಲ್ಲದ, ಕಾಡಿನ ಅಂಚಿನಲ್ಲೋ ಬೇಣದ ಬದಿಯಲ್ಲೋ ತಾನಾಗಿ ಹುಟ್ಟಿ ತಾನಾಗಿ ಬೆಳೆಯುವ ಮರ ಅದು. ಉಳಿದ ದಿನಗಳಲ್ಲಿ ಅದರ ಪಕ್ಕದಲ್ಲೇ ನಡೆದುಹೋದರೂ ಕಣ್ಣಿಗೆ ಬೀಳುವುದಿಲ್ಲ. ಈ ಕೆಲವು ವಾರಗಳಲ್ಲಿ ಮಾತ್ರ ಬೆಳ್ಳನೆಯ ಐದೆಸಳಿನ ಹೂಗಳು ಗೊಂಚಲು ಗೊಂಚಲಾಗಿ ಕೊಂಬೆಯ ತುದಿಗಳನ್ನೆಲ್ಲ ತುಂಬಿ, ಹೊತ್ತು ಇಳಿಯುತ್ತಿದ್ದಂತೆ ಒಂದು ಮೆಲುವಾದ ಕಂಪು ಗಾಳಿಯ ತಂಪಿನೊಳಗೆ ಸೇರಿಕೊಳ್ಳುತ್ತದೆ. ಕೊಲ್ಲೂರಿನ ನೆತ್ತಿಯ ಮೇಲೆ 1343 ಮೀಟರ್ ಎತ್ತರಕ್ಕೆ ಎದ್ದಿರುವ ಕೊಡಚಾದ್ರಿ ಕುಟಜಾದ್ರಿಯಾದದ್ದು ಈ ಮರದಿಂದ. ಕಾಳಿದಾಸನ ಯಕ್ಷ ಆಷಾಢದ ಮುಗಿಲನ್ನು ಕಂಡು ಕೈಯಾರೆ ಅರ್ಘ್ಯ ಕೊಟ್ಟದ್ದು ಇದೇ ಕುಟಜದ ಹೊಸ ಹೂಗಳಿಂದ. ಶಿರಸಿ, ಸಿದ್ದಾಪುರದ ಕಡೆಯ ಅಡುಗೆಮನೆಗಳಲ್ಲಿ ಅದಕ್ಕೆ ಇನ್ನೂ ಹತ್ತಿರದ ಮರ್ಯಾದೆಯಿದೆ: ಹೂವನ್ನು ಆಯ್ದು ಒಣಗಿಸಿ ಡಬ್ಬಿಯಲ್ಲಿ ತೆಗೆದಿಟ್ಟು, ಮಳೆಗಾಲದಲ್ಲಿ ಹೊಟ್ಟೆ ಕೆಟ್ಟಾಗ ತುಪ್ಪದಲ್ಲಿ ಹುರಿದು, ಜೀರಿಗೆ, ಕಾಳುಮೆಣಸು, ಕಾಯಿತುರಿಯ ಜೊತೆ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತಾರೆ.

ಹೂವಿನಲ್ಲಿ ಸುಳಿದುಹೋಗುವಷ್ಟೇ ಇರುವ ಕಹಿ ತೊಗಟೆಯಲ್ಲಿ ಗಟ್ಟಿಯಾಗಿ ನೆಲೆಸಿದೆ. ಕುಟಜಾರಿಷ್ಟದ ಬಾಟಲಿಯ ಮುಚ್ಚಳ ತೆಗೆದರೆ ಬೆಲ್ಲದ ಹುಳಿವಾಸನೆಯ ಅಡಿಯಿಂದ ಮೇಲೆದ್ದು ಬರುವುದು ಆ ಕಹಿಯೇ. ಆಮಶಂಕೆಯಿಂದ ಕರುಳು ಹಿಂಡಿ ಬಳಲಿದವರಿಗೆ ನೂರಾರು ವರ್ಷಗಳಿಂದ ಈ ತೊಗಟೆಯ ಕಷಾಯವನ್ನೂ, ಇಂದ್ರಯವವೆಂಬ ಅದರ ಬೀಜವನ್ನೂ ಕೊಡುತ್ತ ಬಂದಿದ್ದಾರೆ. ಅದರೊಳಗಿನ ಕೊನೆಸ್ಸಿನ್ ಎಂಬ ಸಸ್ಯಕ್ಷಾರ ಆಮಶಂಕೆ ತರುವ ಅಮೀಬಾಗಳ ಮೇಲೆ ಕೆಲಸ ಮಾಡುತ್ತದೆಂದು ಆಮೇಲೆ ರಸಾಯನ ವಿಜ್ಞಾನ ಹೆಸರಿಟ್ಟು ಹೇಳಿತು. ಹೇಳಿದ್ದೇನೋ ಸರಿ. ಆದರೆ ಆ ಮರದ ಕೆಳಗೆ ನಿಂತಾಗ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯೇ ಒಂದು ಬೆರಗು. ಈ ಮರಕ್ಕೆ ಮನುಷ್ಯನ ಕರುಳಿನ ಗೊಡವೆ ಯಾವತ್ತೂ ಇರಲಿಲ್ಲ. ನಾವು ಈ ಘಟ್ಟಗಳನ್ನು ಹತ್ತುವುದಕ್ಕೆ ಎಷ್ಟೋ ಮೊದಲು, ಕಷಾಯ ಕುದಿಸುವ ಬೆಂಕಿಯೇ ಇನ್ನೂ ಹುಟ್ಟದಿದ್ದಾಗ, ಅದು ತನ್ನ ತೊಗಟೆಯ ಕತ್ತಲಲ್ಲಿ ಯಾರಿಗೂ ಹೇಳದೆ ಈ ಕಹಿಯನ್ನು ಕೂಡಿಡುತ್ತಿತ್ತು. ಯಾರಿಗಾಗಿ?

ಓಡಲಾರದ ಬಾಳು ಗಿಡದ್ದು. ಹುಳು ಬಂದರೂ ಆಡು ಬಂದರೂ ಬೂಷ್ಟು ಹತ್ತಿದರೂ ಬಿದ್ದ ಬೀಜದ ಜಾಗದಲ್ಲೇ ನಿಂತು ಎದುರಿಸಬೇಕು. ಹೂಬಿಡುವ ಗಿಡಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಅದಕ್ಕೆ ಕಂಡುಕೊಂಡ ದಾರಿ ಈ ಸಾರಜನಕ ಬೆರೆತ ಕಹಿಗಳು, ಆಲ್ಕಲಾಯ್ಡ್‌ಗಳು. ಇಲ್ಲಿಯವರೆಗೆ ಗುರುತಿಸಿದ್ದೇ 12,000ಕ್ಕೂ ಹೆಚ್ಚು. (ಯುಗಾದಿಯ ಬೇವಿನ ಕಹಿ ಈ ಕುಲದ್ದಲ್ಲ, ಅದರ ವಂಶವೇ ಬೇರೆ.) ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ನಮ್ಮ ಜನರೇ ಒಂದು ಬಳ್ಳಿಯನ್ನು ಆಡುಮುಟ್ಟದ ಬಳ್ಳಿಯೆಂದು ಕರೆದು, ಉಬ್ಬಸಕ್ಕೆ ಅದರ ಎಲೆ ಕೊಟ್ಟಿದ್ದಾರೆ. ಮಳೆಗೆ ತೊಳೆದು ತೊಳೆದು ಬಡವಾದ ಮಲೆನಾಡಿನ ಮಣ್ಣಿನಲ್ಲಿ ಸಾರಜನಕ ಸುಲಭಕ್ಕೆ ಸಿಗುವ ಸೊತ್ತಲ್ಲ. ಅದನ್ನು ಎಲೆಯ ಹಸಿರಿಗೆ, ಬೀಜದ ಬೆಳವಣಿಗೆಗೆ ಕೊಡುವುದರ ನಡುವೆಯೂ ಒಂದು ಪಾಲನ್ನು ಹೀಗೆ ಕಾವಲಿಗೆಂದು ಎತ್ತಿಡುವ ಆ ಸಣ್ಣ ಜೀವದ ಲೆಕ್ಕಾಚಾರವನ್ನು ನೆನೆದಾಗಲೆಲ್ಲ, ಕಷಾಯದ ಮೊದಲ ಗುಟುಕಿಗೆ ಮುಖ ಕಿವುಚುವುದೂ ಒಂದು ಬಗೆಯ ಅವಿನಯವೇನೋ ಅನ್ನಿಸಿಬಿಡುತ್ತದೆ.

ನಾಲಿಗೆಯಾದರೂ ಸುಮ್ಮನೆ ಕಿವುಚುವುದಿಲ್ಲ. ಸಿಹಿಯನ್ನು ಅರಿಯಲು ಒಂದೇ ಬಗೆಯ ಗ್ರಾಹಿ ಸಾಕಾಗಿರುವ ಈ ನಾಲಿಗೆಯಲ್ಲಿ ಕಹಿಯನ್ನು ಅರಿಯಲು ಸುಮಾರು 25 ಬಗೆಯ ಗ್ರಾಹಿಗಳಿವೆ. ಹಸಿರಿನ ನಡುವೆ ಅಲೆದು ತಿಂದು ಬದುಕಿದ ನಮ್ಮ ಹಿರೀಕರು ಒಂದೊಂದು ಎಲೆಯ ಎಚ್ಚರಿಕೆಯನ್ನೂ ಬೇರೆಬೇರೆಯಾಗಿ ಕೇಳಿಸಿಕೊಂಡು ಮೈಯಲ್ಲಿ ಬರೆದಿಟ್ಟುಕೊಂಡ ಬರಹ ಇದು. ಈ ಗ್ರಾಹಿಗಳು ನಾಲಿಗೆಯಲ್ಲಷ್ಟೇ ಇಲ್ಲ, ಕರುಳಿನಲ್ಲಿವೆ, ಉಸಿರಿನ ಕೊಳವೆಗಳಲ್ಲೂ ಇವೆ. ಕಹಿ ತಾಗಿದಾಗ ಶ್ವಾಸನಾಳದ ಸ್ನಾಯುಗಳು ಬಿಗಿಯುವ ಬದಲು ಸಡಿಲುತ್ತವೆಂದು 2010ರಲ್ಲಿ ತಿಳಿದುಬಂದಾಗ ಅದನ್ನು ಕಂಡವರೇ ಅಚ್ಚರಿಪಟ್ಟರು. ಬಾಯಿಯೊಂದೇ ರುಚಿ ನೋಡುತ್ತದೆಂದು ತಿಳಿದಿದ್ದೆವು. ಎದೆಯೊಳಗಿನ ಕತ್ತಲ ಕವಲುಗಳೂ ತಮ್ಮಷ್ಟಕ್ಕೆ ತಾವು ರುಚಿ ನೋಡುತ್ತ, ನಮಗೆ ತಿಳಿಸದೆಯೇ ಒಪ್ಪುತ್ತ, ಸಡಿಲುತ್ತ ಇವೆ. ಬೇಲಿಯ ಆಡುಸೋಗೆಯ ಎಲೆಯನ್ನು ಬಾಡಿಸಿ ರಸ ಹಿಂಡಿ ಜೇನು ಬೆರೆಸಿ ಕೆಮ್ಮಿದ ಮಗುವಿಗೆ ನೆಕ್ಕಿಸಿದ ಅಜ್ಜಿಯರಿಗೆ ಅದರ ವ್ಯಾಸಿಸಿನ್ ಗೊತ್ತಿರಲಿಲ್ಲ. ಆ ವ್ಯಾಸಿಸಿನ್ನಿನ ಅಚ್ಚನ್ನೇ ಹಿಡಿದು ಬ್ರೋಮ್‌ಹೆಕ್ಸಿನ್, ಆಂಬ್ರಾಕ್ಸಾಲ್ ತಯಾರಾದವು. ಇವತ್ತು ಔಷಧಿ ಅಂಗಡಿಯಲ್ಲಿ ಕೊಳ್ಳುವ ಕಫದ ಸಿರಪ್ಪಿನ ಹಿಂದೆಯೂ ಹಾಗೆ ಒಂದು ಬೇಲಿ ಇದೆ.

ನಿತ್ಯಪುಷ್ಪದ ಮುಂದೆ ಮಾತ್ರ ನನಗೆ ಬೇಗ ಬೇಗ ಮುಂದೆ ಹೋಗಲು ಆಗುವುದಿಲ್ಲ. ಕಾಶಿ ಕಣಗಿಲೆಯೆಂದೂ ಕರೆಯುವ ಈ ಗಿಡ ದೇವಸ್ಥಾನದ ಪ್ರಾಕಾರದ ಕಲ್ಲುಸಂದಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಕಾಂಪೌಂಡಿನ ಬಿರುಕಿನಲ್ಲಿ, ಒಡೆದ ಬಕೆಟ್ಟಿನಲ್ಲಿ ಹಾಕಿದ ಹಿಡಿ ಮಣ್ಣಿನಲ್ಲಿ, ಬೇಸಿಗೆ ಮಳೆಗಾಲವೆನ್ನದೆ ನೇರಳೆಗೆಂಪು, ಬಿಳಿ ಹೂಗಳನ್ನು ಬಿಡುತ್ತಲೇ ಇರುತ್ತದೆ. ನಮ್ಮ ಪೂಜೆಯ ಬುಟ್ಟಿಯಲ್ಲಿ ಇಷ್ಟು ಸಲಿಗೆಯಿಂದ ಕೂರುವ ಅದರ ತವರು ಮಡಗಾಸ್ಕರ್ ದ್ವೀಪವೆಂದು ನಂಬುವುದು ಕಷ್ಟ. ಕಡಲು ದಾಟಿ ಊರೂರು ಅಲೆದ ಈ ಗಿಡವನ್ನು ಜಮೈಕಾದ ಜನ ಸಕ್ಕರೆ ಕಾಯಿಲೆಗೆ ಕುದಿಸಿ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಅದರ ಒಂದಿಷ್ಟು ಎಲೆಗಳು ಅಂಚೆಯಲ್ಲಿ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರ ಕೈಸೇರಿದವು. ಇನ್ಸುಲಿನ್ ಕಂಡುಹಿಡಿದ ಕಾಲದಲ್ಲಿ ಬ್ಯಾಂಟಿಂಗ್ ಅವರ ಬಳಗದಲ್ಲಿದ್ದವರು ಅವರು. ಎಲೆಗಳನ್ನು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿದ್ದ ತಮ್ಮ ಸೋದರ ರಾಬರ್ಟ್ ನೋಬಲ್ ಅವರಿಗೆ ದಾಟಿಸಿದರು. ಎಲೆಯ ಸಾರ ಕೊಟ್ಟ ಇಲಿಗಳ ರಕ್ತದಲ್ಲಿ ಸಕ್ಕರೆಯೇನೂ ಇಳಿಯಲಿಲ್ಲ. ಇಳಿದದ್ದು ಬಿಳಿ ರಕ್ತಕಣಗಳು. ಬೇಡಿದ್ದನ್ನು ಕೊಡದ ಎಲೆ, ಯಾರೂ ಕೇಳದಿದ್ದುದನ್ನು ಮುಂದಿಟ್ಟಿತ್ತು. ಬಿಳಿ ಕಣಗಳು ಹುಚ್ಚೆದ್ದು ಹೆಚ್ಚುವ ಕಾಯಿಲೆಗೆ ಇದೇ ಮದ್ದಾದೀತೇ ಎಂದು ಕೇಳಿಕೊಳ್ಳುವ ತಾಳ್ಮೆ ಅವರಿಗಿತ್ತು. ಚಾರ್ಲ್ಸ್ ಬೀರ್ ಜೊತೆಗೂಡಿ ಅವರು ಬೇರ್ಪಡಿಸಿದ ವಿನ್‌ಬ್ಲಾಸ್ಟಿನ್ 1958ರ ಹೊತ್ತಿಗೆ ಲೋಕಕ್ಕೆ ಪರಿಚಯವಾಯಿತು. ಅದರ ಒಡಹುಟ್ಟಾದ ವಿನ್‌ಕ್ರಿಸ್ಟಿನ್ ಬಂದದ್ದು ಅದಾದ ಕೆಲವೇ ವರ್ಷಗಳಲ್ಲಿ.

ಒಂದು ಜೀವಕೋಶ ಎರಡಾಗುವ ಗಳಿಗೆಯಲ್ಲಿ ಅದರೊಳಗೆ ಕದಿರಿನ ಆಕಾರದಲ್ಲಿ ನವಿರಾದ ಎಳೆಗಳು ಹೆಣೆದುಕೊಂಡು, ವರ್ಣತಂತುಗಳನ್ನು ಇತ್ತಲೊಂದು ಅತ್ತಲೊಂದು ಎಳೆದು ಪಾಲು ಮಾಡುತ್ತವೆ. ನಿತ್ಯಪುಷ್ಪದ ಕಹಿ ಆ ಎಳೆಗಳು ಕೂಡಿಕೊಳ್ಳದಂತೆ ಅವುಗಳ ಬಿಡಿ ಕಣಗಳನ್ನೇ ಹೋಗಿ ಹಿಡಿಯುತ್ತದೆ. ಪಾಲಾಗಲಾರದ ಕೋಶ ಅಲ್ಲಿಯೇ ನಿಂತು ಸಾಯುತ್ತದೆ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ನಿಗೆ ಒಣಗಿದ ಎಲೆ ಸುಮಾರು 500 ಕಿಲೋ ಬೇಕು. ಏಕೆ ಇಷ್ಟು ಕೃಪಣತೆ ಎಂದು ಹುಡುಕಿದವರಿಗೆ ಎಲೆಯೊಳಗಿನ ಒಂದು ವ್ಯವಸ್ಥೆ ಕಂಡಿತು: ವಿನ್‌ಬ್ಲಾಸ್ಟಿನ್ ಎರಡು ಅರ್ಧಗಳು ಕೂಡಿ ಆಗುವ ವಸ್ತು, ಅದರ ಒಂದರ್ಧ ಕ್ಯಾಥರಾಂಥಿನ್, ಅದನ್ನು ಗಿಡ ಎಲೆಯ ಮೇಲ್ಮೈಯ ಮೇಣದ ಪದರಕ್ಕೆ ಒಸರಿಸಿ ಇಡುತ್ತದೆ, ಇನ್ನೊಂದರ್ಧ ವಿಂಡೊಲಿನ್, ಅದು ಎಲೆಯ ಒಳಕೋಶಗಳಲ್ಲಿ ಉಳಿಯುತ್ತದೆ. ನೆಮ್ಮದಿಯಾಗಿ ಬಾಳುತ್ತಿರುವ ಎಲೆಯಲ್ಲಿ ಹೊರಗಿನದೂ ಒಳಗಿನದೂ ಭೇಟಿಯಾಗುವುದೇ ಅಪರೂಪ. ಕೂದಲೆಳೆಗಿಂತ ತೆಳುವಾದ ಅಂತರವೊಂದನ್ನು ಕಾಯ್ದುಕೊಂಡೇ ಆ ಗಿಡ ವರ್ಷವಿಡೀ ಹೂಬಿಡುತ್ತದೆ, ಆ ಹೂವನ್ನು ಕೊಯ್ದು ನಾವು ದೇವರ ಮುಡಿಗಿಡುತ್ತೇವೆ, ಇತ್ತ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಕಡೆ ತಲೆಗೂದಲು ಉದುರಿದ ಮಗುವೊಂದರ ಪುಟ್ಟ ಮುಂಗೈಯ ನಾಳದೊಳಗೆ ಬಣ್ಣವಿಲ್ಲದ ವಿನ್‌ಕ್ರಿಸ್ಟಿನ್ ಇಳಿಯುತ್ತದೆ. ಮಗುವಿನ ಬೆರಳ ತುದಿಗಳು ಜೋಮು ಹಿಡಿಯುತ್ತವೆ, ಯಾಕೆಂದರೆ ನರಗಳ ಒಳಗೂ ಅದೇ ಎಳೆಗಳಿವೆ, ಕಹಿಗೆ ಕೆಟ್ಟ ಕೋಶ ಒಳ್ಳೆಯ ಕೋಶವೆಂಬ ಭೇದ ಅಷ್ಟಾಗಿ ತಿಳಿಯದು. ಅರವತ್ತರ ದಶಕಕ್ಕೆ ಮೊದಲು ರಕ್ತಕ್ಯಾನ್ಸರ್ ತಗುಲಿದ ಮಕ್ಕಳಲ್ಲಿ ಉಳಿದವರು ತೀರ ವಿರಳ. ಇಂದು ಈ ಕಹಿ ಮತ್ತು ಅದರ ಜೊತೆಯ ಬೇರೆ ಮದ್ದುಗಳು ಸೇರಿ, ಒಳ್ಳೆಯ ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಹತ್ತು ಮಕ್ಕಳಲ್ಲಿ ಎಂಟು ಮಂದಿಗಿಂತ ಹೆಚ್ಚು ಗುಣವಾಗಿ ಶಾಲೆಗೆ ಮರಳುತ್ತಾರೆ.

ಸರ್ಪಗಂಧದ ಕತೆ ಇಷ್ಟು ಬೆಳಕಿನದಲ್ಲ. ಕಾಡಿನ ನೆರಳಲ್ಲಿ ಮೊಣಕಾಲೆತ್ತರಕ್ಕೆ ಬೆಳೆದು, ಕೆಂಪು ತೊಟ್ಟಿನ ಬಿಳಿ ಹೂ ಬಿಟ್ಟು, ಮಣ್ಣಿನೊಳಗೆ ಡೊಂಕುಡೊಂಕಾದ ಬೇರು ಇಳಿಸುವ ಗಿಡ. ಮತಿ ಕದಡಿದವರಿಗೆ, ನಿದ್ದೆ ಬಾರದವರಿಗೆ ಆ ಬೇರನ್ನು ಕೊಡುವುದು ಈ ನಾಡಿಗೆ ಹಳೆಯ ವಿದ್ಯೆ. 1931ರಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಅದರಿಂದ ಕ್ಷಾರವೊಂದನ್ನು ಬೇರ್ಪಡಿಸಿ, ತಮ್ಮನ್ನು ಬೆಳೆಸಿದ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದು ಕರೆದರು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಬೇರು ರಕ್ತದೊತ್ತಡ ಇಳಿಸುವುದನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದೇ ಬೇರಿನಿಂದ ರೆಸರ್ಪಿನ್ ಹೊರಬಂತು. ಶಾಂತಿ ಕೊಟ್ಟ ಆ ಬೇರು ದಿನಗಟ್ಟಲೆ ಸೇವಿಸಿದ ಕೆಲವರಿಗೆ ದುಃಖವನ್ನೂ ಕೊಟ್ಟಿತು, ಕಾರಣವಿಲ್ಲದ, ತಳವಿಲ್ಲದ ದುಃಖ. ಮಿದುಳಿನ ನರಗಳು ಪುಟ್ಟ ಚೀಲಗಳಲ್ಲಿ ತುಂಬಿಟ್ಟುಕೊಳ್ಳುವ ಸೆರೊಟೋನಿನ್, ಡೋಪಮಿನ್‌ಗಳನ್ನು ಅದು ತುಂಬಿಡಲು ಬಿಡುವುದಿಲ್ಲ; ಚೀಲ ಬರಿದಾಗುತ್ತದೆ. ಮನಸ್ಸಿನ ಬೇಗುದಿಗೂ ಈ ರಸಗಳಿಗೂ ನಂಟಿರಬಹುದೆಂಬ ವಿಚಾರ ವೈದ್ಯಲೋಕದಲ್ಲಿ ಬೇರೂರಿದ್ದು ಬಹಳಮಟ್ಟಿಗೆ ಈ ಬೇರಿನಿಂದಲೇ. ನೆಮ್ಮದಿಗೂ ವಿಷಾದಕ್ಕೂ ನಡುವೆ ಇರುವುದು ಒಂದು ಬೇರಿನ ತೂಕದಷ್ಟೇ ಎಂದು ತಿಳಿದ ಮೇಲೆ ನಮ್ಮ ಮನಸ್ಸೆಂದು ಯಾವುದನ್ನು ಕರೆಯುತ್ತೇವೋ ಅದರ ಮೇಲೆ ಸ್ವಲ್ಪ ಕರುಣೆ ಹುಟ್ಟುತ್ತದೆ.

ಇನ್ನೂ ಆಳದಲ್ಲಿ ಒಂದು ಸಂಗತಿಯಿದೆ. ಈ ಬರಹದಲ್ಲಿ ನನಗೆ ಹೇಳಬೇಕಾದದ್ದು ಇದೊಂದೇ ಎಂದರೂ ಸರಿ. ಸೆರೊಟೋನಿನ್ನನ್ನು ನಮ್ಮ ಮೈ ಕಟ್ಟುವುದು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ. ಸರ್ಪಗಂಧ ತನ್ನ ರೆಸರ್ಪಿನ್ ಕಟ್ಟುವುದೂ ಅದರಿಂದಲೇ, ನಿತ್ಯಪುಷ್ಪ ವಿನ್‌ಬ್ಲಾಸ್ಟಿನ್ ಕಟ್ಟುವುದೂ ಅದರಿಂದಲೇ, ಮಲೇರಿಯಾದ ನಡುಕ ಬಿಡಿಸಿದ ಸಿಂಕೋನ ತೊಗಟೆಯ ಕ್ವಿನೈನೂ ಅದೇ ಬುಡದ ಕವಲು. ಡೋಪಮಿನ್ನಿನ ಮೂಲವಾದ ಟೈರೊಸಿನ್ ಗಸಗಸೆ ಗಿಡದ ಹಾಲಿನಲ್ಲಿ ಮಾರ್ಫಿನ್ ಆಗುತ್ತದೆ, ನಮ್ಮ ಘಟ್ಟಗಳಲ್ಲಿ ಕಡಿದು ಕಡಿದು ಅಳಿವಿನ ಅಂಚಿಗೆ ತಲುಪಿದ ಮರದರಿಶಿನದ ಬಳ್ಳಿಯಲ್ಲಿ ಹಳದಿ ಬರ್ಬೆರಿನ್ ಆಗುತ್ತದೆ. ನಮ್ಮ ಸಂತೋಷವೂ ಅವುಗಳ ಕಹಿಯೂ ಒಂದೇ ಕಣಜದ ಕಾಳು. ನೂರು ಕೋಟಿ ವರ್ಷಗಳಿಗೂ ಹಿಂದೆ, ಗಿಡವೂ ಪ್ರಾಣಿಯೂ ಇನ್ನೂ ಬೇರೆಯಾಗದೆ ನೀರಿನಲ್ಲಿ ತೇಲುತ್ತಿದ್ದ ಒಂಟಿ ಕೋಶದಲ್ಲಿ ಇದ್ದ ಸಾಮಗ್ರಿಯನ್ನೇ ಹಂಚಿಕೊಂಡು ಒಂದು ಶಾಖೆ ಬೇರಿಳಿಸಿತು, ಒಂದು ಶಾಖೆ ನಡೆದುಹೋಯಿತು. ಎಲೆಯೊಂದು ಹುಳುವಿಗೆಂದು ಮಾಡಿದ ಕೀಲಿ ನಮ್ಮೊಳಗಿನ ಬೀಗಕ್ಕೆ ಕೂಡುವುದು ಹುಳುವೂ ನಾವೂ ಗಿಡವೂ ಆ ಹಳೆಯ ಮನೆಯವರೇ ಆಗಿರುವುದರಿಂದ. ಔಷಧವೆಂದರೆ ಆಮೇಲಿನ ಮಾತು. ಮೊದಲಿನದು ಈ ದಾಯಾದಿತನ.

ದಾಯಾದಿಗಳಿಂದ ಒಳಿತೇ ಆಗಬೇಕೆಂದೇನೂ ಇಲ್ಲ. ಹೊಲದ ಬದುವಿನಲ್ಲಿ, ತಿಪ್ಪೆಯ ಪಕ್ಕದಲ್ಲಿ ಬೆಳೆಯುವ ಉಮ್ಮತ್ತಿಯನ್ನೇ ನೋಡಿ. ಹಗಲೆಲ್ಲ ಸುತ್ತಿಕೊಂಡ ಮೊಗ್ಗು ಕತ್ತಲಾಗುತ್ತಲೇ ಬಿಚ್ಚಿ, ಕಹಳೆಯಾಕಾರದ ಬಿಳಿಯನ್ನು ಆಕಾಶಕ್ಕೆ ಹಿಡಿದು, ಉದ್ದ ಸೊಂಡಿಲಿನ ಪತಂಗಗಳನ್ನು ಕರೆಯುತ್ತದೆ. ಮುಳ್ಳುಮುಳ್ಳಾದ ಕಾಯೊಳಗಿನ ಬೀಜ ಕೊಂಚ ಹೊಟ್ಟೆಗೆ ಹೋದರೂ ಮನುಷ್ಯನಿಗೆ ಬುದ್ಧಿಭ್ರಮಣೆ, ಹೆಚ್ಚಾದರೆ ಸಾವು. ಬೇರೆ ದೇವರಿಗೆ ಸಲ್ಲದ ಈ ಹೂವನ್ನು ವಿಷ ಕುಡಿದ ಶಿವನಿಗೆ ಏರಿಸುತ್ತೇವೆ. ಇದರೊಳಗಿನ ಹಯೊಸಯಮಿನ್ ಎಂಬ ಕ್ಷಾರ ಬೇರ್ಪಡಿಸುವ ಹೊತ್ತಿನಲ್ಲೇ ಅಟ್ರೊಪಿನ್ ಆಗಿ ಬದಲಾಗುತ್ತದೆ. ಸಾಲದ ಸೋಲಿಗೋ ಮನೆಯ ಮಾತಿಗೋ ನೊಂದು ಬೆಳೆಗೆ ಹೊಡೆಯುವ ಕೀಟನಾಶಕವನ್ನು ಕುಡಿದವರನ್ನು ನಡುರಾತ್ರಿ ತಾಲ್ಲೂಕು ಆಸ್ಪತ್ರೆಗೆ ಎತ್ತಿ ತರುತ್ತಾರೆ: ಬಾಯಲ್ಲಿ ನೊರೆ, ಎದೆಗೂಡಿನೊಳಗೆ ನೀರು ತುಂಬಿದ ಗೊರಗೊರ, ಕಣ್ಣಪಾಪೆ ಸೂಜಿಮೊನೆಯಷ್ಟು ಕುಗ್ಗಿ, ನಾಡಿ ನಿಧಾನವಾಗುತ್ತ. ಆಗ ಮೊದಲು ಕೈಗೆ ಬರುವ ಮದ್ದು ಅಟ್ರೊಪಿನ್. ಅದು ಬಾಯನ್ನು ಒಣಗಿಸುತ್ತದೆ, ಪಾಪೆಯನ್ನು ಅರಳಿಸುತ್ತದೆ, ಎದೆಬಡಿತವನ್ನು ಏರಿಸುತ್ತದೆ. ಒಂದು ವಿಷದ ಲಕ್ಷಣಗಳನ್ನು ಇನ್ನೊಂದು ವಿಷದ ಲಕ್ಷಣಗಳು ಎದುರುಬದುರು ಕೂತು ಒಂದೊಂದಾಗಿ ಅಳಿಸುತ್ತವೆ. ಉಸಿರಿನ ಸದ್ದು ತಿಳಿಯಾಗುವವರೆಗೆ ಅಳತೆ ಏರಿಸುತ್ತ, ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಒತ್ತಿ ಆಲಿಸುತ್ತ ಕೂರುತ್ತಾರೆ. ಹೀಗೆ ಉಳಿದು ಮನೆಗೆ ಹೋದ ಎಷ್ಟೋ ರೈತರ ಹೊಲದ ಬದುವಿನಲ್ಲಿ ಉಮ್ಮತ್ತಿ ಕಳೆಯೆಂದು ಕಿತ್ತು ಬಿಸಾಡಿಸಿಕೊಳ್ಳುತ್ತಲೇ ಇದೆ.

ಹೆದರಿಕೆಯ ಮಾತು ಸಾಕು, ಕಾಫಿಯ ಬಗ್ಗೆ ಹೇಳಬೇಕು. ಬಾಬಾಬುಡನ್ ಏಳು ಬೀಜ ತಂದರೆಂದು ಚಿಕ್ಕಮಗಳೂರಿನ ಜನ ನೆನೆಯುವ ಆ ಗಿರಿಗಳಲ್ಲಿ, ಕೊಡಗಿನಲ್ಲಿ, ಸಕಲೇಶಪುರದಲ್ಲಿ, ಬೇಸಿಗೆಯ ನಡುವೆ ಹೂಮಳೆ ಬಿದ್ದ ವಾರ, ಹತ್ತು ದಿನದೊಳಗೆ ಒಂದು ಬೆಳಿಗ್ಗೆ ಇಡೀ ತೋಟವೇ ಬಿಳಿಯಾಗಿ ಎದ್ದುಬಿಡುತ್ತದೆ. ಮಲ್ಲಿಗೆಗೆ ಹತ್ತಿರದ ಆ ವಾಸನೆ ಸಿಲ್ವರ್ ಓಕ್ ಮರಗಳ ನಡುವೆ ನಿಂತ ಮಂಜಿನಲ್ಲಿ ಎಷ್ಟು ದಟ್ಟವಾಗಿರುತ್ತದೆಂದರೆ ರಸ್ತೆಯಲ್ಲಿ ಹೋಗುವ ಬಸ್ಸಿನ ಒಳಗಿನವರೂ ಮಾತು ನಿಲ್ಲಿಸಿ ಕಿಟಕಿ ಸರಿಸುತ್ತಾರೆ. ಎರಡು ಮೂರು ದಿನ, ಅಷ್ಟೇ. ಕೆಫೀನ್ ಕಾಫಿ ಗಿಡದ ಕಾವಲಿನ ಕಹಿ; ಎಲೆಯಲ್ಲಿದೆ, ಬೀಜದಲ್ಲಿದೆ. ಹೂವಿನ ಮಕರಂದದಲ್ಲೂ ಇದೆ, ಆದರೆ ಜೇನುಹುಳುವಿಗೆ ಕಹಿಯೆನ್ನಿಸದಷ್ಟು ಕಡಿಮೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದಂತೆ, ಕೆಫೀನ್ ಬೆರೆತ ಸಿಹಿಯುಂಡ ಜೇನುಹುಳುಗಳಲ್ಲಿ, ಬರಿಯ ಸಿಹಿಯುಂಡವುಗಳಿಗಿಂತ ಮೂರು ಪಟ್ಟು ಹೆಚ್ಚು ಹುಳುಗಳು ಮರುದಿನವೂ ಆ ಹೂವಿನ ವಾಸನೆಯನ್ನು ನೆನಪಿಟ್ಟಿದ್ದವು. ಎಲೆಯಲ್ಲಿ ಹುಳುವನ್ನು ಓಡಿಸುವ ಕಹಿಯೇ ಹೂವಿನಲ್ಲಿ ಹುಳುವನ್ನು ಮರಳಿ ಕರೆಯುವ ನೆನಪಾಗಿದೆ! ಇಲ್ಲಿಗೆ ಬಂದಾಗ ಕಹಿಯನ್ನು ಬರಿಯ ಆಯುಧವೆಂದು ಹೇಳಿಕೊಂಡು ಬಂದ ನನ್ನ ಮಾತು ತಾನಾಗಿ ಕಡಿಮೆಯಾಗುತ್ತದೆ. ಬೆಳಿಗ್ಗೆ ಫಿಲ್ಟರಿನಿಂದ ತೊಟ್ಟಿಕ್ಕುವ ಡಿಕಾಕ್ಷನ್ನಿಗೆ ಕಾದು ಕೂರುವವರೂ ಆ ಜೇನುಗಳಿಗಿಂತ ಬೇರೆಯವರೇನಲ್ಲ.

ಪಶ್ಚಿಮ ಘಟ್ಟದ ಇನ್ನೊಂದು ಸಣ್ಣ ಮರ ಈ ಕಹಿ ಯಾರಿಗಾಗಿ ಎಂಬ ಪ್ರಶ್ನೆಯನ್ನು ಮತ್ತಷ್ಟು ದೂರಕ್ಕೆ ಎಳೆದೊಯ್ಯುತ್ತದೆ. ಹೂವಿನ ಕೆಟ್ಟ ವಾಸನೆಯಿಂದಾಗಿ ಅದು ದುರ್ವಾಸನೆ ಮರ. 1966ರಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರ ಮೂಲದ ಮನ್ಸುಖ್ ವಾನಿ ಅಮೆರಿಕದಲ್ಲಿ ಕುಳಿತು ಚೀನಾದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ಕ್ಷಾರವನ್ನು ಬಿಡಿಸಿದರು. ಅದರ ಅಚ್ಚಿನಿಂದ ಕ್ಯಾನ್ಸರಿಗೆ ಮದ್ದುಗಳಾದವು. ಅದೇ ಕ್ಷಾರ ನಮ್ಮ ದುರ್ವಾಸನೆ ಮರದಲ್ಲಿ ಇನ್ನೂ ಸಮೃದ್ಧವಾಗಿದೆಯೆಂದು ಎಪ್ಪತ್ತರ ದಶಕದಲ್ಲಿ ತಿಳಿಯಿತು, ತಿಳಿದದ್ದೇ ಮರಕ್ಕೆ ಮುಳುವಾಯಿತು, ಕಾಂಡಗಳು ಟನ್‌ಗಟ್ಟಲೆ ಕಾಡಿನಿಂದ ಇಳಿದು ಹೋದವು. ಜೀವಕೋಶದ ಡಿಎನ್‌ಎ ಸುರುಳಿ ಬಿಚ್ಚಿಕೊಡುವ ಕಿಣ್ವವೊಂದನ್ನು ಕಟ್ಟಿಹಾಕುವ ವಿಷ ಇದು. ಆ ಕಿಣ್ವ ಮರಗಳಿಗೂ ಇದೆ. ತಾನು ಕಾಸಿದ ವಿಷದಿಂದ ತಾನೇ ಸಾಯದೆ ಮರ ಹೇಗೆ ಉಳಿಯಿತು ಎಂದು ಹುಡುಕಿದಾಗ, ಚೀನಾದ ಆ ಮರ ತನ್ನ ಕಿಣ್ವದಲ್ಲಿ ಒಂದೇ ಒಂದು ಅಮೈನೊ ಆಮ್ಲವನ್ನು ಬದಲಿಸಿಕೊಂಡಿರುವುದು ಕಂಡಿತು.

ದುರ್ವಾಸನೆ ಮರದಲ್ಲಿ ಅಂಗಾಂಶಗಳ ನಡುವೆ, ಮರಕ್ಕೆ ಯಾವ ತೊಂದರೆಯನ್ನೂ ಕೊಡದೆ, ಕಣ್ಣಿಗೆ ಕಾಣದ ಶಿಲೀಂಧ್ರಗಳು ಬದುಕಿವೆ. ಅವುಗಳಲ್ಲಿ ಕೆಲವು ತಾವೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತವೆ. ಹಾಗಾದರೆ ಮರ ಕಡಿಯುವುದೇಕೆ, ಶಿಲೀಂಧ್ರವನ್ನೇ ಬೆಳೆಸಿಕೊಳ್ಳೋಣವೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿ ನೋಡಿದರು. ಮೊದಮೊದಲು ಅದು ಕ್ಷಾರ ಕೊಟ್ಟಿತು. ತಟ್ಟೆಯಿಂದ ತಟ್ಟೆಗೆ, ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತ ಹೋದಂತೆ ಕ್ಷಾರ ಕಡಿಮೆಯಾಗುತ್ತ ಬಂತು. ಆಹಾರಕ್ಕೆ ಕೊರತೆಯಿರಲಿಲ್ಲ, ಬೆಳವಣಿಗೆಯೂ ನಿಂತಿರಲಿಲ್ಲ, ಕಹಿ ಮಾತ್ರ ಇಲ್ಲವಾಗುತ್ತಿತ್ತು. ಆಗ ಅವರು ಆ ಸೊರಗಿದ ಶಿಲೀಂಧ್ರವನ್ನು ಮರಳಿ ಗಿಡದೊಳಕ್ಕೆ ಸೇರಿಸಿ, ಕೆಲವು ಕಾಲದ ಮೇಲೆ ಹೊರತೆಗೆದು ಪರೀಕ್ಷಿಸಿದರು. ಅದು ಮತ್ತೆ ಕ್ಯಾಂಪ್ಟೊಥೆಸಿನ್ ತಯಾರಿಸುತ್ತಿತ್ತು. ಮರ ಅದಕ್ಕೆ ಹೇಳಿದ್ದೇನು, ಅದು ಕೇಳಿಸಿಕೊಂಡದ್ದು ಹೇಗೆ, ಕಹಿ ಇಬ್ಬರಲ್ಲಿ ಯಾರ ಮನೆಯ ಸೊತ್ತು ಎಂಬುದರ ಮೇಲೆ ಕೆಲಸ ಇನ್ನೂ ನಡೆದಿದೆ.